ಕಾಲೆಳೆತವೋ, ಕಾಟವೋ? ಮಕ್ಕಳ ಫೋನಿನೊಳಗಿನ ಜಗಳಕ್ಕೆ ಉತ್ತರಗಳು

ಈ ಸಲದ ಪ್ರಶ್ನೆಗಳೆಲ್ಲ ಮಕ್ಕಳ ಮೇಲೆ ಫೋನಿನ ಮೂಲಕ ನಡೆಯುವ ಪೀಡನೆಯ ಕುರಿತಾದವು. ಯಾರ ಗುರುತೂ ಸಿಗಬಾರದೆಂದು ಹೆಸರು ಬಿಟ್ಟಿದ್ದೇವೆ, ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಮಗಳು ಒಂಬತ್ತನೇ ಕ್ಲಾಸು. ಮೂರು ವಾರದಿಂದ ಫೋನು ಟಿಂಗ್ ಅಂದರೆ ಬೆಚ್ಚಿಬೀಳುತ್ತಾಳೆ. ಇನ್‌ಸ್ಟಾಗ್ರಾಂ ತೆಗೆದುಹಾಕಿದಳು, ಎರಡು ದಿನ ಬಿಟ್ಟು ಮತ್ತೆ ಹಾಕಿಕೊಂಡಳು. ಸೋಮವಾರ ಬಂತೆಂದರೆ ಹೊಟ್ಟೆನೋವು. ಕೇಳಿದರೆ ‘ಏನಿಲ್ಲಮ್ಮ’ ಅಂತಾಳೆ. ವಯಸ್ಸಿನ ಸಿಡುಕೋ, ಯಾರಾದರೂ ಕಾಟ ಕೊಡುತ್ತಿದ್ದಾರೋ? ಇವರು ಫೋನ್ ಕಿತ್ತು ಬೀರುವಿನಲ್ಲಿಡೋಣ ಅಂತಾರೆ.
ಒಬ್ಬ ತಾಯಿ, ಹಾಸನ

ಬೀರುವಿಗೆ ಸದ್ಯಕ್ಕೆ ಕೆಲಸ ಕೊಡಬೇಡಿ. ಯಾಕೆಂದು ಆಮೇಲೆ ಹೇಳುತ್ತೇವೆ.

ಒಂದೇ ಒಂದು ಲಕ್ಷಣ ನೋಡಿ ಏನೂ ಹೇಳಲಾಗದು. ಹದಿನಾಲ್ಕರ ಹುಡುಗಿ ಸಿಡುಕುವುದು ಸಹಜ. ನೋಡಬೇಕಾದ್ದು ಎರಡು: ಬದಲಾವಣೆ ಹಠಾತ್ತಾಗಿ ಬಂತೇ, ಅದಕ್ಕೂ ಫೋನಿಗೂ ನಂಟಿದೆಯೇ. ಸ್ಕ್ರೀನ್ ಕೆಳಮುಖ ಮಾಡಿಡುವುದು, ಅಕೌಂಟ್ ಅಳಿಸಿ ಮತ್ತೆ ತೆರೆಯುವುದು, ದಿನವೂ ಬಾಯಲ್ಲಿರುತ್ತಿದ್ದ ಗೆಳತಿಯ ಹೆಸರು ಇದ್ದಕ್ಕಿದ್ದಂತೆ ಮಾಯವಾಗುವುದು, ಊಟದ ಡಬ್ಬಿ ಹಾಗೇ ವಾಪಸ್ ಬರುವುದು, ನಡುರಾತ್ರಿ ಎದ್ದು ಫೋನ್ ನೋಡುವುದು. ಹೊಟ್ಟೆನೋವಿಗೆ ಒಮ್ಮೆ ಡಾಕ್ಟರಿಗೆ ತೋರಿಸಿ. ಶಾಲೆಗೆ ಹೋಗುವುದಿಲ್ಲ ಎಂದು ತೀರ್ಮಾನವಾದ ಮೇಲೆ ಹನ್ನೊಂದು ಗಂಟೆಗೆಲ್ಲ ನೋವು ತಾನಾಗಿ ಇಳಿಯುತ್ತಿದ್ದರೆ, ರಜೆಯಲ್ಲಿ ಬರುವುದೇ ಇಲ್ಲವಾದರೆ, ಅದರ ಬೇರು ಶಾಲೆಯ ಕಡೆಗಿದೆ. ನೀವು ಬರೆದ ಮೂರೂ ಒಟ್ಟಿಗೇ ಶುರುವಾಗಿರುವುದರಿಂದ ಕಾಟದ ಅನುಮಾನ ಇಟ್ಟುಕೊಂಡೇ ಮುಂದುವರಿಯಿರಿ.

ಕಾಲೆಳೆಯುವುದಕ್ಕೂ ಕಾಟಕ್ಕೂ ಗೆರೆ ಎಲ್ಲಿ? ಶಾಲಾ ಮಕ್ಕಳ ಪೀಡನೆಯನ್ನು 1970ರ ದಶಕದಿಂದ ಸ್ವೀಡನ್, ನಾರ್ವೆಗಳಲ್ಲಿ ಅಧ್ಯಯನ ಮಾಡಿದ ಡಾನ್ ಓಲ್ವಿಯಸ್ ಮೂರು ಗುರುತು ಹೇಳಿದ್ದರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಒಬ್ಬರ ಕೈ ಮೇಲಾಗಿರುವುದು. ಫೋನಿನಲ್ಲಿ ಎರಡನೆಯದರ ಲೆಕ್ಕವೇ ಬೇರೆ. ಒಬ್ಬಳು ಒಂದೇ ಸಲ ಹಾಕಿದ್ದನ್ನು ನಲವತ್ತು ಜನ ದಾಟಿಸಿದರೆ ನಲವತ್ತು ಸಲ ಹೊಡೆದಂತೆ. ‘ಕೈ ಮೇಲು’ ಎಂದರೆ ಇಲ್ಲಿ ಮೈಬಲ ಬೇಕಾಗಿಲ್ಲ. ಗ್ರೂಪಿನ ಅಡ್ಮಿನ್ ಯಾರು, ಯಾರ ಹತ್ತಿರ ಯಾರ ಗುಟ್ಟಿದೆ, ಅದೇ ಬಲ. ಕಾಲೆಳೆತದಲ್ಲಿ ಇಬ್ಬರೂ ನಗುತ್ತಾರೆ, ಸಾಕು ಅಂದರೆ ನಿಲ್ಲುತ್ತದೆ.

ಈಗ ಕೇಳುವ ಬಗೆ. ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಬಿಡುವುದಿಲ್ಲ. ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಕೂಡದ ಹೊತ್ತು ಒಳ್ಳೆಯದು: ಅವರೆಕಾಯಿ ಸುಲಿಯುವಾಗ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ. ಮೊದಲು ಬೇರೆಯವರ ಬಗ್ಗೆ ಕೇಳಿ: ‘ನಿಮ್ಮ ಕ್ಲಾಸ್ ಗ್ರೂಪಲ್ಲಿ ಯಾರಿಗಾದರೂ ಕಾಟ ಕೊಡ್ತಾರೇನೇ?’ ಆಮೇಲೆ ಈ ಮಾತು: ‘ನೀನು ಏನೇ ಹೇಳಿದ್ರೂ ಫೋನ್ ಕಿತ್ಕೊಳ್ಳಲ್ಲ.’ ಹೇಳಿದ ಮೇಲೆ ನಡೆದುಕೊಳ್ಳಿ, ಅವರಪ್ಪನೂ ನಡೆದುಕೊಳ್ಳಲಿ. ‘ನೀನೇನು ಮಾಡಿದ್ದೆ, ಸುಮ್ಮಸುಮ್ಮನೆ ಯಾಕೆ ಅಂತಾರೆ?’ ಎಂಬ ಪ್ರಶ್ನೆ ಬಾಯಿಗೆ ಬಂದರೆ ನುಂಗಿಕೊಳ್ಳಿ. ಹೇಳಿ ಮುಗಿಸಿದ ಐದನೇ ನಿಮಿಷಕ್ಕೆ ಆ ಹುಡುಗಿಯ ಮನೆಗೆ ಫೋನ್ ಮಾಡಲೂಬೇಡಿ. ಮುಂದೇನು ಎನ್ನುವುದನ್ನು ಮಗಳ ಜೊತೆ ಕೂತು ತೀರ್ಮಾನಿಸಿ, ಇಲ್ಲದಿದ್ದರೆ ಮುಂದಿನ ಸಲ ಹೇಳುವುದಿಲ್ಲ.

ಬೀರುವಿನ ಮಾತಿಗೆ ಬರೋಣ. ಮಕ್ಕಳು ಬಾಯಿ ಮುಚ್ಚಿಕೊಳ್ಳುವ ಮೊದಲ ಕಾರಣವೇ ಫೋನ್ ಹೋಗುತ್ತದೆಂಬ ಭಯ. ಕಿತ್ತಿಟ್ಟರೆ ಪೀಡೆಗೊಳಗಾದವಳಿಗೇ ಶಿಕ್ಷೆಯಾಯಿತು, ಪರವಾಗಿ ನಿಲ್ಲುವ ಒಬ್ಬಿಬ್ಬರು ಗೆಳತಿಯರ ಸಂಪರ್ಕವೂ ಕಡಿಯಿತು. ಸಾಕ್ಷಿಯೂ ಹೋಗಬಹುದು: ವಾಟ್ಸಾಪ್‌ನಲ್ಲಿ ಕಳಿಸಿದವರು ಎರಡು ದಿನಕ್ಕೂ ತುಸು ಹೆಚ್ಚು ಹೊತ್ತಿನವರೆಗೆ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸಬಲ್ಲರು. ನಿಮ್ಮ ಫೋನು ಬೀರುವಿನಲ್ಲಿದ್ದಷ್ಟು ಹೊತ್ತು ಅವರು ಆರಾಮಾಗಿ ಅಳಿಸುತ್ತಿರುತ್ತಾರೆ.

ಒಂದು ಮಾತಿಗೆ ಮಾತ್ರ ಕಾಯಬೇಡಿ. ‘ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ’ ಎಂಬ ಧಾಟಿ ಬಂದರೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬಳನ್ನೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಣ್ಣೆದುರಿಗಿದ್ದರೆ 112.

ಎಂಟನೇ ಕ್ಲಾಸಿನ ಮಗನ ಫೋಟೋದಿಂದ ಗೆಳೆಯರು ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದಾರೆ. ಗ್ರೂಪಿನಲ್ಲಿ ಯಾರು ಏನು ಬರೆದರೂ ಅದನ್ನೇ ಒತ್ತುತ್ತಾರೆ. ಶಾಲೆಯಲ್ಲಿ ತೋರಿಸಿದರೆ ‘ಇದರಲ್ಲಿ ಕೆಟ್ಟ ಮಾತೇ ಇಲ್ಲವಲ್ಲ, ಹುಡುಗರ ತಮಾಷೆ’ ಎಂದು ನಕ್ಕರು.
ಒಬ್ಬ ತಂದೆ, ದಾವಣಗೆರೆ

ಸ್ಟಿಕ್ಕರಿನ ಜಾಣತನವೇ ಅದು. ಊಟದ ಬಿಡುವಿನಲ್ಲಿ ಬಾಯಿ ತೆರೆದಾಗ ತೆಗೆದ ಮುಖ, ಸುತ್ತಲಿನದೆಲ್ಲ ಕತ್ತರಿಸಿದ್ದು, ಅಕ್ಷರವೇ ಇಲ್ಲ. ಮೇಷ್ಟ್ರು ಗ್ರೂಪ್ ಸರಿಸಿ ನೋಡಿದರೆ ಬೈಗುಳ ಸಿಗುವುದಿಲ್ಲ. ನೋವಿರುವುದು ಎಣಿಕೆಯಲ್ಲಿ. ಆದ್ದರಿಂದ ಎಣಿಸಿಯೇ ತೋರಿಸಿ.

ಒಂದು ಹಾಳೆಗೆ ಐದು ಗೆರೆ ಎಳೆಯಿರಿ: ದಿನಾಂಕ, ಸಮಯ, ಕಳಿಸಿದವರು, ಯಾವ ಮಾತಿಗೆ ಉತ್ತರವಾಗಿ, ಎಷ್ಟು ಜನ ನಗುವ ಇಮೋಜಿ ಒತ್ತಿದರು. ಹತ್ತು ದಿನದ್ದನ್ನು ತುಂಬಿಸಿ. ಗಣಿತದ ಹೋಮ್‌ವರ್ಕ್ ಕೇಳಿದಾಗ ಸ್ಟಿಕ್ಕರು, ‘ನಾಳೆ ರಜಾನಾ?’ ಎಂದಾಗ ಸ್ಟಿಕ್ಕರು, ಯಾರದೋ ಹುಟ್ಟುಹಬ್ಬಕ್ಕೂ ಅದೇ ಸ್ಟಿಕ್ಕರು. ಆ ಹಾಳೆಯನ್ನು ಮೇಜಿನ ಮೇಲಿಟ್ಟ ಮೇಲೆ ‘ತಮಾಷೆ’ ಎನ್ನುವುದು ಅಷ್ಟು ಸುಲಭವಲ್ಲ. ಜೊತೆಗೆ ಮುಖ್ಯೋಪಾಧ್ಯಾಯರಿಗೆ ದಿನಾಂಕ ಹಾಕಿದ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಸ್ಟಾಫ್ ರೂಮಿನಲ್ಲೇ ಆವಿಯಾಗುತ್ತದೆ.

ಗ್ರೂಪಿನಿಂದ ಈಗಲೇ ಹೊರಬರಬೇಡಿ. ಮೊದಲು ಚಾಟ್ ತೆರೆದು ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್, ಇನ್‌ಕ್ಲೂಡ್ ಮೀಡಿಯಾ ಎಂದು ಒತ್ತಿ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಯಾರಾದರೂ ಅಡ್ವಾನ್ಸ್‌ಡ್ ಚಾಟ್ ಪ್ರೈವಸಿ ಆನ್ ಮಾಡಿದ್ದರೆ ಎಕ್ಸ್‌ಪೋರ್ಟ್ ಆಗದು. ಆಗ ಸ್ಕ್ರೀನ್‌ಶಾಟೇ ಗತಿ. ತಾನಾಗಿ ಮಾಯವಾಗುವ ಸಂದೇಶದ ಗ್ರೂಪಾದರೆ ಅವಧಿ 24 ಗಂಟೆ, 7 ದಿನ ಅಥವಾ 90 ದಿನ. ಎಷ್ಟಕ್ಕಿಟ್ಟಿದ್ದಾರೆ ನೋಡಿಕೊಂಡು ಅಷ್ಟರೊಳಗೆ ಮುಗಿಸಿ.

ಇನ್ನೊಂದು ಎಡವಟ್ಟು. ಗ್ರೂಪಿನಲ್ಲಿ ಅಳಿಸಿದರೆ ಸ್ಟಿಕ್ಕರ್ ಸತ್ತಿತು ಅಂದುಕೊಳ್ಳುತ್ತಾರೆ. ಅದು ಉಳಿಸಿಕೊಂಡ ಪ್ರತಿಯೊಬ್ಬನ ಫೋನಿನ ಫೇವರಿಟ್ಸ್‌ನಲ್ಲಿ ಕೂತಿರುತ್ತದೆ. ಆರು ತಿಂಗಳು ಬಿಟ್ಟು ಬೇರೆ ಗ್ರೂಪಿನಲ್ಲಿ ಎದ್ದುಬರುತ್ತದೆ. ಶಾಲೆಯಿಂದ ಕೇಳಬೇಕಾದ್ದು ಇದು: ಗ್ರೂಪಿನಲ್ಲಿರುವ ಪ್ರತಿ ಮಗುವೂ ಮನೆಯವರ ಎದುರು ಸ್ಟಿಕ್ಕರನ್ನು ಒತ್ತಿ ಹಿಡಿದು ಫೇವರಿಟ್ಸ್‌ನಿಂದ ತೆಗೆಯಬೇಕು. ಸ್ಟಿಕ್ಕರ್ ಮಾಡಿದವನೊಬ್ಬನನ್ನು ಬೈದು ಕಳಿಸಿದರೆ ಉಳಿದ ಮೂವತ್ತು ಪ್ರತಿಗಳು ಹಾಗೇ ಉಳಿಯುತ್ತವೆ. ಎರಡೂ ಮಕ್ಕಳನ್ನು ಎದುರುಬದುರು ನಿಲ್ಲಿಸಿ ‘ಕೈ ಕುಲುಕಿ’ ಎನ್ನುವ ರಾಜಿ ಪಂಚಾಯ್ತಿಗೆ ಒಪ್ಪಬೇಡಿ. ಸಮಬಲರ ಜಗಳಕ್ಕೆ ರಾಜಿ ಸರಿ. ಇಲ್ಲಿ ಒಂದು ಕಡೆ ಒಬ್ಬ, ಇನ್ನೊಂದು ಕಡೆ ಗ್ರೂಪು.

ಪಿಯು ಓದುವ ತಂಗಿಯ ಹೆಸರು, ಫೋಟೋ ಹಾಕಿ ಯಾರೋ ಇನ್‌ಸ್ಟಾಗ್ರಾಂನಲ್ಲಿ ನಕಲಿ ಅಕೌಂಟ್ ತೆರೆದಿದ್ದಾರೆ. ಕಾಲೇಜಿನ ಕನ್ಫೆಷನ್ ಪೇಜಿಗೂ (ಹೆಸರು ಹೇಳದೆ ಬರೆದು ಕಳಿಸುವ ಪುಟ) ಅವಳ ಬಗ್ಗೆ ಹೊಲಸು ಬರೆದು ಕಳಿಸಿದ್ದಾರೆ. ನಾವು ಗೆಳೆಯರೆಲ್ಲ ಸೇರಿ ಐವತ್ತು ಸಲ ರಿಪೋರ್ಟ್ ಮಾಡಿದೆವು, ಹೋಗಿಲ್ಲ. ಸಂಬಂಧಿಕರೊಬ್ಬರು ‘66ಎ ಹಾಕಿಸಿ’ ಅಂತಿದ್ದಾರೆ.
ಒಬ್ಬ ಅಣ್ಣ, ಮೈಸೂರು

66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ನಿಮಗೆ ಬೇಕಾದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, ಅಂದರೆ ಕಂಪ್ಯೂಟರ್ ಸಾಧನದಿಂದ ಇನ್ನೊಬ್ಬರ ಸೋಗು ಹಾಕಿ ವಂಚಿಸುವುದು. 3 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಅವಳ ಪಾಸ್‌ವರ್ಡನ್ನೇ ಕದ್ದಿದ್ದರೆ 66ಸಿ. ಬರಹ ಅಶ್ಲೀಲವಾಗಿದ್ದರೆ 67. ಹಿಂದೆ ಬಿದ್ದು ಕಾಡುತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 78.

ಐವತ್ತು ಸಲ ಒತ್ತಿದ್ದರಿಂದ ಲಾಭವಿಲ್ಲ. ಎಷ್ಟು ಜನ ರಿಪೋರ್ಟ್ ಮಾಡಿದರು ಎನ್ನುವುದರ ಮೇಲೆ ಇನ್‌ಸ್ಟಾಗ್ರಾಂ ತೀರ್ಮಾನಿಸುವುದಿಲ್ಲ. ಯಾವ ಕಾರಣ ಆರಿಸಿದ್ದೀರಿ ಎನ್ನುವುದು ಮುಖ್ಯ. ‘ಸ್ಪ್ಯಾಮ್’ ಎಂದೋ ‘ಇಷ್ಟವಿಲ್ಲ’ ಎಂದೋ ಒತ್ತಿದ್ದರೆ ದೂರು ಬೇರೆ ದಾರಿ ಹಿಡಿದಿರುತ್ತದೆ. ತಂಗಿ ತನ್ನದೇ ಅಕೌಂಟಿನಿಂದ ನಕಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ, ರಿಪೋರ್ಟ್‌ನಲ್ಲಿ ‘ಇನ್ನೊಬ್ಬರಂತೆ ನಟಿಸುತ್ತಿದ್ದಾರೆ’, ಅದರಲ್ಲಿ ‘ನನ್ನಂತೆ’ ಎಂದು ಆರಿಸಲಿ. ಅವಳಿಗೆ ಅಕೌಂಟೇ ಇಲ್ಲದಿದ್ದರೂ ಇನ್‌ಸ್ಟಾಗ್ರಾಂನ ಸಹಾಯ ಪುಟದಲ್ಲಿ ಬೇರೆ ಅರ್ಜಿಯಿದೆ, ಗುರುತಿನ ಚೀಟಿ ಕೇಳುತ್ತಾರೆ.

ರಿಪೋರ್ಟಿಗೆ ಮೊದಲು ಪುರಾವೆ. ಅಕೌಂಟ್ ತೆಗೆದ ಮೇಲೆ ನಿಮ್ಮ ಕೈಗೆ ಏನೂ ಸಿಗದು. ಮೇಲೆ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಅದರಿಂದ ಪ್ರಯೋಜನವಿಲ್ಲ. ಯೂಸರ್‌ನೇಮ್ ಬೇಕು, ಚುಕ್ಕಿ ಅಡಿಗೆರೆ ಸಮೇತ. ಮೂರು ಚುಕ್ಕಿಯಲ್ಲಿ ಪ್ರೊಫೈಲ್ ಲಿಂಕ್ ಕಾಪಿ ಮಾಡಿ ಒಂದು ಕಡೆ ಬರೆದಿಡಿ. ‘ಅಬೌಟ್ ದಿಸ್ ಅಕೌಂಟ್’ ಕಾಣಿಸಿದರೆ ಅಕೌಂಟ್ ಯಾವ ತಿಂಗಳು ತೆರೆದದ್ದು, ಎಷ್ಟು ಸಲ ಹೆಸರು ಬದಲಾಗಿದೆ ಎನ್ನುವುದು ಅಲ್ಲಿರುತ್ತದೆ. ಅದರದ್ದೂ ಚಿತ್ರ ತೆಗೆಯಿರಿ. ಪ್ರತಿ ಪೋಸ್ಟಿನ ಲಿಂಕ್ ಬೇರೆ ಬೇರೆ. ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಸ್ಕ್ರೀನ್ ರೆಕಾರ್ಡ್ ಮಾಡಿದರೆ ‘ಎಡಿಟ್ ಮಾಡಿದ ಸ್ಕ್ರೀನ್‌ಶಾಟ್’ ಎಂಬ ತಕರಾರು ಕಡಿಮೆಯಾಗುತ್ತದೆ. ಆ ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ: ಕೋರ್ಟಿಗೆ ಡಿಜಿಟಲ್ ದಾಖಲೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಮೂಲ ಸಾಧನ ಕೈಯಲ್ಲಿದ್ದರೆ ಅದು ಸಲೀಸು.

ಕ್ರಮ ಹೀಗಿರಲಿ: ಪುರಾವೆ, ರಿಪೋರ್ಟ್, ಆಮೇಲೆ ಬ್ಲಾಕ್. ತಂಗಿಯ ನಿಜವಾದ ಅಕೌಂಟಿಗೆ ಬಂದು ಕಾಮೆಂಟ್ ಹಾಕುವ ಪರಿಚಿತರಿದ್ದರೆ ಬ್ಲಾಕಿಗಿಂತ ‘ರಿಸ್ಟ್ರಿಕ್ಟ್’ ಮೇಲು. ಬ್ಲಾಕ್ ಆದದ್ದು ಅವರಿಗೆ ಗೊತ್ತಾಗಿ ಇನ್ನೊಂದು ಅಕೌಂಟ್ ತೆರೆಯುತ್ತಾರೆ. ರಿಸ್ಟ್ರಿಕ್ಟ್ ಮಾಡಿದರೆ ಅವರ ಹೊಸ ಕಾಮೆಂಟ್ ಅವರಿಗೆ ಮಾತ್ರ ಕಾಣುತ್ತದೆ. ಊರಿಗೆಲ್ಲ ಕೂಗಿದೆವು ಎಂದುಕೊಂಡು ಖಾಲಿ ಕೋಣೆಯಲ್ಲಿ ಕೂಗುತ್ತಿರುತ್ತಾರೆ. ಕನ್ಫೆಷನ್ ಪೇಜಿನ ಕೆಳಗೆ ಜಗಳಕ್ಕಿಳಿಯಬೇಡಿ, ಪ್ರತಿ ಉತ್ತರವೂ ಆ ಪೋಸ್ಟನ್ನು ಇನ್ನಷ್ಟು ಜನರಿಗೆ ತೋರಿಸುತ್ತದೆ.

ಆ್ಯಪ್‌ನಲ್ಲಿ ಕೆಲಸವಾಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿ. ಸೋಗಿನ ಅಕೌಂಟು, ತಿದ್ದಿದ ಚಿತ್ರ, ಬೆತ್ತಲೆ ಚಿತ್ರಗಳ ದೂರಿಗೆ 2021ರ ಐಟಿ ನಿಯಮಗಳು ಬಂದಾಗಲೇ 24 ಗಂಟೆಯ ಗಡುವು ಇಟ್ಟಿದ್ದವು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು. ಯಾರು ಮಾಡಿದ್ದೆಂದು ಪತ್ತೆಯಾಗಬೇಕೆಂದರೆ ಪೊಲೀಸರೇ ಬೇಕು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ, ಇಲ್ಲವೇ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ಎಫ್‌ಐಆರ್ ಆಗುವಂಥ ಅಪರಾಧವಾದರೆ ಹತ್ತಿರದ ಯಾವ ಠಾಣೆಯೂ ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ, ಝೀರೋ ಎಫ್‌ಐಆರ್‌ಗೆ ಅವಕಾಶವಿದೆ. ತಡ ಮಾಡಬೇಡಿ: ತೆಗೆದುಹಾಕಿದ ಪೋಸ್ಟಿನ, ಮುಚ್ಚಿದ ಅಕೌಂಟಿನ ಮಾಹಿತಿಯನ್ನು ಕಂಪನಿಗಳು ಇಟ್ಟುಕೊಳ್ಳಬೇಕೆಂದು ನಿಯಮ ಹೇಳುವುದು 180 ದಿನ.

ನನಗೆ 16 ವರ್ಷ. ನನ್ನ ಡಿಪಿ ತೆಗೆದುಕೊಂಡು ಯಾವುದೋ ಎಐ ಆ್ಯಪ್‌ನಲ್ಲಿ ಬಟ್ಟೆ ಇಲ್ಲದ ಹಾಗೆ ಮಾಡಿ ನನಗೇ ಕಳಿಸಿದ್ದಾನೆ. ವಿಡಿಯೋ ಕಾಲ್‌ಗೆ ಬರದಿದ್ದರೆ ಎಲ್ಲರಿಗೂ ಕಳಿಸ್ತೀನಿ ಅಂತಾನೆ. ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸ್ತಾರೆ.
ಊರು ಬೇಡ

ಮೊದಲು ಇದನ್ನು ಓದು: ತಪ್ಪು ನಿನ್ನದಲ್ಲ, ಡಿಪಿ ಹಾಕಿದ್ದೂ ತಪ್ಪಲ್ಲ. ಅವನು ಮಾಡುತ್ತಿರುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 11ನೇ ಕಲಮಿನಲ್ಲೇ ಇದೆ. ಮಗುವಿನ ನಿಜವಾದ ಅಥವಾ ಕೃತಕವಾಗಿ ಸೃಷ್ಟಿಸಿದ ಚಿತ್ರವನ್ನು ಹರಡುತ್ತೇನೆಂದು ಬೆದರಿಸುವುದೇ ಅಪರಾಧ. ಹರಡುವ ತನಕ ಕಾಯಬೇಕಿಲ್ಲ. 18 ತುಂಬದ ಎಲ್ಲರೂ ಆ ಕಾಯ್ದೆಗೆ ಮಕ್ಕಳೇ.

ವಿಡಿಯೋ ಕಾಲ್‌ಗೆ ಹೋಗಬೇಡ, ದುಡ್ಡು ಕೇಳಿದರೆ ಕೊಡಬೇಡ. ಒಂದು ಸಲ ಮಣಿದರೆ ಬೇಡಿಕೆ ಮುಗಿಯುವುದಿಲ್ಲ, ಏರುತ್ತದೆ. ಆ ಕಾಲನ್ನು ರೆಕಾರ್ಡ್ ಮಾಡಿಕೊಂಡರೆ ಅವನ ಕೈಗೆ ಹೊಸ ಅಸ್ತ್ರ ಸಿಕ್ಕಂತೆ. ಬೈಯಬೇಡ, ಅಂಗಲಾಚಬೇಡ, ಉತ್ತರವನ್ನೇ ನಿಲ್ಲಿಸು. ಬೆದರಿಕೆಯ ಮಾತು, ಅವನ ಯೂಸರ್‌ನೇಮ್ ಅಥವಾ ನಂಬರ್, ದಿನಾಂಕ, ಸಮಯ ಇವುಗಳ ಸ್ಕ್ರೀನ್‌ಶಾಟ್ ತೆಗೆದುಕೋ. ಸ್ನ್ಯಾಪ್‌ಚಾಟ್ ಆದರೆ ಸ್ಕ್ರೀನ್‌ಶಾಟ್ ತೆಗೆದದ್ದು ಅವನಿಗೆ ತಿಳಿಯುತ್ತದೆ, ಅಲ್ಲಿ ಇನ್ನೊಂದು ಫೋನಿನಿಂದ ಫೋಟೋ ಹೊಡೆ.

ಆ ಚಿತ್ರವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡ, ‘ಸಾಕ್ಷಿಗೆ ಇರಲಿ’ ಎಂದು ಗೆಳತಿಗೂ ಲೆಕ್ಚರರಿಗೂ ಬೇಡ. ಮಕ್ಕಳ ಇಂಥ ಚಿತ್ರವನ್ನು ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದು ಸಹ ಅಪರಾಧವಾಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ. ನಿನ್ನ ಫೋನಿನಲ್ಲಿರುವುದನ್ನು ಪೊಲೀಸರಿಗೆ ಅಲ್ಲೇ ತೋರಿಸಿದರೆ ಸಾಕು.

‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ, ಅಮೆರಿಕದ ಎನ್‌ಸಿಎಂಇಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯದು. ಹೆಸರು ಹೇಳಬೇಕಿಲ್ಲ. ತಾಣ ತೆರೆದು ನಿನ್ನ ಫೋನಿನಲ್ಲಿರುವ ಚಿತ್ರವನ್ನು ಆರಿಸಿದರೆ, ಅದರಿಂದ ಬೆರಳಚ್ಚಿನಂಥ ಒಂದು ಸಂಖ್ಯೆ ನಿನ್ನ ಫೋನಿನೊಳಗೇ ತಯಾರಾಗುತ್ತದೆ. ಹೊರಹೋಗುವುದು ಆ ಸಂಖ್ಯೆ ಮಾತ್ರ, ಚಿತ್ರವಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳು ಅದೇ ಸಂಖ್ಯೆಯ ಚಿತ್ರ ಸಿಕ್ಕರೆ ತಡೆಯುತ್ತವೆ. ಮಿತಿಯೂ ಇದೆ: ವಾಟ್ಸಾಪ್‌ನಂಥ ಗೂಢಲಿಪಿಯ ಸಂದೇಶಗಳಿಗೆ ಇದು ತಲುಪದು, ಚಿತ್ರವನ್ನು ಕತ್ತರಿಸಿ ತಿದ್ದಿದರೆ ಸಂಖ್ಯೆ ಬದಲಾಗುತ್ತದೆ. ಆದರೂ ಮೊದಲ ದಿನವೇ ಮಾಡಿಬಿಡು.

ಮನೆಗೆ ಹೇಳುವ ಧೈರ್ಯ ಇಂದು ಇಲ್ಲದಿದ್ದರೆ 1098ಕ್ಕೆ ಕರೆ ಮಾಡು, ಮಕ್ಕಳ ಸಹಾಯವಾಣಿ, ಯಾವ ಹೊತ್ತಿನಲ್ಲಾದರೂ. ಅಥವಾ ಮನೆಯಲ್ಲಿ ಕೂಗಾಡದ ಒಬ್ಬರನ್ನು ಆರಿಸಿಕೋ, ಚಿಕ್ಕಮ್ಮನೋ ಸೋದರಮಾವನೋ; ಅವರ ಮೂಲಕ ಅಪ್ಪ ಅಮ್ಮನಿಗೆ ತಿಳಿಸು. ಈ ಪುಟವನ್ನೇ ಅವರ ಮುಂದಿಟ್ಟರೂ ಆದೀತು. ಠಾಣೆಯ ಭಯವಿದ್ದರೆ ಇದು ಗೊತ್ತಿರಲಿ: ಪೋಕ್ಸೊ ಪ್ರಕರಣದಲ್ಲಿ ನಿನ್ನ ಹೇಳಿಕೆಯನ್ನು ನಿನ್ನ ಮನೆಯಲ್ಲೋ ನೀನು ಹೇಳಿದ ಜಾಗದಲ್ಲೋ ಬರೆದುಕೊಳ್ಳಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಹಾಕದೆ. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ನಿನ್ನ ಗುರುತು ಪತ್ರಿಕೆಗೂ ಹೋಗುವಂತಿಲ್ಲ.

ಈ ಹುಡುಗಿಯ ಅಪ್ಪ ಅಮ್ಮ ಓದುತ್ತಿದ್ದರೆ ಒಂದು ಮಾತು. ಕಾಲೇಜು ಬಿಡಿಸಿದರೆ ಅವನು ಗೆದ್ದ, ಅಷ್ಟೆ.

ಹೆಡ್‌ಮೇಡಂ ಕರೆಸಿ ಹೇಳಿದರು, ಕಾಟ ಕೊಡುತ್ತಿರುವುದು ನಮ್ಮ ಮಗನೇ ಅಂತ. ಜಾತಿ ಎತ್ತಿ ಒಬ್ಬ ಹುಡುಗನ ಬಗ್ಗೆ ಮೀಮ್ ಮಾಡಿದ್ದಾನಂತೆ. 13 ವರ್ಷ. ಮನೆಯಲ್ಲಿ ತಲೆಯೆತ್ತಿ ಮಾತಾಡದವನು. ನಾಲ್ಕು ಬಾರಿಸಿ ಸರಿ ಮಾಡಬೇಕೋ?
ತಂದೆ ತಾಯಿ, ಶಿವಮೊಗ್ಗ

‘ನಮ್ಮ ಹುಡುಗ ಅಂಥವನಲ್ಲ’ ಎಂದು ವಾದಕ್ಕಿಳಿಯದೆ ಪತ್ರ ಬರೆದಿರಿ, ಅರ್ಧ ಕೆಲಸ ಅಲ್ಲೇ ಆಯಿತು. ಬಾರಿಸಬೇಡಿ. ಬಲವಿದ್ದವನು ಇಲ್ಲದವನಿಗೆ ಹೊಡೆಯಬಹುದು ಎಂಬ ಪಾಠವನ್ನೇ ಅವನು ಗ್ರೂಪಿನಲ್ಲಿ ಒಪ್ಪಿಸುತ್ತಿದ್ದಾನೆ.

ಮನೆಯಲ್ಲಿ ಮೆತ್ತಗಿರುವವನು ಗ್ರೂಪಿನಲ್ಲಿ ಹುಲಿಯಾಗುವುದಕ್ಕೆ ಕಾರಣವಿದೆ. ಎದುರಿನವನ ಮುಖ ಕಾಣುವುದಿಲ್ಲ, ನಗುವವರ ಸಂಖ್ಯೆ ಮಾತ್ರ ಕಾಣುತ್ತದೆ. ಅವನನ್ನು ಕೂರಿಸಿ ಆ ಮೀಮನ್ನು ಗಟ್ಟಿಯಾಗಿ ಓದಿಸಿ, ಒಂದೇ ಸಲ. ಹೆಚ್ಚಿನ ಮಕ್ಕಳಿಗೆ ಎರಡನೇ ಸಾಲಿಗೆ ಗಂಟಲು ಕಟ್ಟುತ್ತದೆ. ಆಮೇಲೆ ಕೇಳಿ: ಐಡಿಯಾ ಯಾರದು, ಮೊದಲು ನಕ್ಕವರು ಯಾರು, ನಿನಗೂ ಹೀಗೆ ಯಾರಾದರೂ ಮಾಡಿದ್ದರಾ. ಕಾಟ ಕೊಡುವ ಎಷ್ಟೋ ಮಕ್ಕಳು ಇನ್ನೊಂದು ಗ್ರೂಪಿನಲ್ಲಿ ಕಾಟ ತಿಂದವರೇ. ಜಾತಿಯ ಮಾತನ್ನು ಎಲ್ಲಿ ಕೇಳಿದ ಎಂದೂ ಕೇಳಿ. ಉತ್ತರ ನಿಮ್ಮ ಊಟದ ಮನೆಯಾಗಿದ್ದರೆ ತಿದ್ದಿಕೊಳ್ಳಬೇಕಾದವರು ಬೇರೆ.

ಶಿಕ್ಷೆ ಬೇಡವೆನ್ನುತ್ತಿಲ್ಲ. ತಪ್ಪಿಗೆ ಅಂಟಿದ ಶಿಕ್ಷೆಯಿರಲಿ: ಅಡ್ಮಿನ್ ಪಟ್ಟ ಬಿಡಬೇಕು, ಎರಡು ವಾರ ಆ ಗ್ರೂಪಿಲ್ಲ, ಮೀಮ್ ಯಾರ್‍ಯಾರಿಗೆ ಕಳಿಸಿದ್ದನೋ ಅವರಿಗೆಲ್ಲ ತಾನೇ ಬರೆದು ಅಳಿಸಲು ಹೇಳಬೇಕು. ಆ ಹುಡುಗನಿಗೆ ಕೈಬರಹದಲ್ಲಿ ಕ್ಷಮಾಪಣೆ, ಶಾಲೆಯ ಮೂಲಕ, ಅವನು ತೆಗೆದುಕೊಳ್ಳಲು ಒಪ್ಪಿದರೆ ಮಾತ್ರ. ಕ್ಷಮೆ ಕೇಳುವ ವಿಡಿಯೋ ಮಾಡಿಸಿ ಹಾಕುವ ಹೊಸ ರೂಢಿ ನಮಗೆ ಒಪ್ಪಿಗೆಯಿಲ್ಲ. ನಾಳೆ ಆ ವಿಡಿಯೋವೇ ಇನ್ನೊಂದು ಮೀಮ್.

ಕಾನೂನಿನ ಕಡೆ: ಪರಿಶಿಷ್ಟರನ್ನು ಜಾತಿ ಹಿಡಿದು ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ, ಮಾಡಿದವನು ಸಣ್ಣವನೆಂದು ಅದು ಕೀಟಲೆಯಾಗುವುದಿಲ್ಲ. 18ರ ಒಳಗಿನವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ. ಕನಿಷ್ಠ 7 ವರ್ಷ ಶಿಕ್ಷೆಯ ಘೋರ ಅಪರಾಧವಲ್ಲದಿದ್ದರೆ, ದೊಡ್ಡವರೊಡನೆ ಸೇರಿ ಮಾಡಿದ್ದಲ್ಲದಿದ್ದರೆ, ಸಾಮಾನ್ಯವಾಗಿ ಮಕ್ಕಳ ಮೇಲೆ ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದು ಮಂಡಳಿಗೆ ವರದಿ ಕೊಡುತ್ತಾರೆ. ಆ ಕುಟುಂಬ ದೂರು ಕೊಡುವುದಾದರೆ ಅದು ಅವರ ಹಕ್ಕು. ‘ವಾಪಸ್ ತಗೊಳ್ಳಿ’ ಎಂದು ಮನೆಗೆ ಹಿರಿಯರನ್ನು ಕಳಿಸಬೇಡಿ.

ನಮ್ಮದು ಸರ್ಕಾರಿ ಪ್ರೌಢಶಾಲೆ. ಶಾಲೆಗೆ ಮೊಬೈಲ್ ತರುವಂತಿಲ್ಲ, ಎಲ್ಲ ನಡೆಯುವುದು ಮನೆಯಲ್ಲಿ, ಅಪ್ಪನ ಫೋನಿನಲ್ಲಿ. ಜಗಳ ಮಾತ್ರ ಮರುದಿನ ನಮ್ಮ ಕ್ಲಾಸಿಗೆ ಬರುತ್ತದೆ. ನಾವೇನು ಮಾಡಬಹುದು?
ಒಬ್ಬ ಶಿಕ್ಷಕಿ, ಕೊಪ್ಪಳ

ಅಪ್ಪನ ಫೋನು ಎನ್ನುವುದನ್ನೇ ಪಾಲಕರ ಸಭೆಯಲ್ಲಿ ಹೇಳಿ: ಸಿಮ್ ಯಾರ ಹೆಸರಿನಲ್ಲಿದೆಯೋ ಠಾಣೆಯಿಂದ ಮೊದಲ ಕರೆ ಹೋಗುವುದು ಅವರಿಗೆ. ಈ ಒಂದು ಮಾತು ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಶಾಲೆಯ ಅಧಿಕೃತ ಗ್ರೂಪನ್ನು ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಬದಲಿಸಿ. ಮಕ್ಕಳು ನಿಮ್ಮನ್ನು ಬಿಟ್ಟು ಇನ್ನೊಂದು ಗ್ರೂಪ್ ಮಾಡಿಕೊಂಡೇ ಇರುತ್ತಾರೆ, ಅದನ್ನು ಹುಡುಕಿ ಮುಚ್ಚಿಸಲು ಹೋಗಬೇಡಿ, ಮೂರನೆಯದು ಹುಟ್ಟುತ್ತದೆ. ಅಲ್ಲಿರುವ ಸುಮ್ಮನೆ ನೋಡುವ ಮಕ್ಕಳೇ ನಿಮ್ಮ ಬಲ. ಕಾಟ ಕೊಡುವವರು ಇಬ್ಬರು ಮೂವರು, ತಿನ್ನುವವನು ಒಬ್ಬ, ಉಳಿದವರೆಲ್ಲ ಪ್ರೇಕ್ಷಕರು. ಅವರಿಗೆ ನಾಲ್ಕು ಕೆಲಸ ಕಲಿಸಿ: ದಾಟಿಸಬೇಡ, ನಗುವ ಇಮೋಜಿ ಒತ್ತಬೇಡ, ಆ ಹುಡುಗನಿಗೆ ಪ್ರತ್ಯೇಕವಾಗಿ ‘ನಾನಿದೀನಿ ಕಣೋ’ ಎಂದು ಒಂದು ಸಾಲು ಬರೆ, ದೊಡ್ಡವರೊಬ್ಬರಿಗೆ ಹೇಳು. ಗ್ರೂಪಿನಲ್ಲೇ ಎದ್ದು ಜಗಳವಾಡು ಎಂದು ಹೇಳಬೇಡಿ, ಮರುದಿನದ ಸ್ಟಿಕ್ಕರ್ ಅವನದಾಗುತ್ತದೆ.

ತಿಂಗಳಿಗೊಮ್ಮೆ ಹೆಸರಿಲ್ಲದ ಚೀಟಿ ಬರೆಸಿ, ಎಲ್ಲರೂ ಬರೆಯಬೇಕು, ಹೇಳುವುದಕ್ಕೇನೂ ಇಲ್ಲದವನು ಇಷ್ಟದ ತಿಂಡಿಯ ಹೆಸರಾದರೂ ಬರೆಯಲಿ. ಆಗ ಯಾರು ದೂರು ಬರೆದರೆಂದು ಪಕ್ಕದವನಿಗೆ ತಿಳಿಯದು. ದೂರು ಪೆಟ್ಟಿಗೆಯನ್ನು ಸ್ಟಾಫ್ ರೂಮಿನ ಬಾಗಿಲಲ್ಲಿಡುವುದರಿಂದಲೇ ಅದು ಖಾಲಿಯಿರುವುದು.

ಪ್ರವಾಸದ ಹಿಂದಿನ ದಿನ ಒಂದು ನಿಯಮ ಹೇಳಿ: ಬಸ್ಸಿನಲ್ಲಿ ಮಲಗಿದವರ, ವಾಂತಿ ಮಾಡುವವರ, ಬಟ್ಟೆ ಬದಲಿಸುವವರ ಫೋಟೋ ಇಲ್ಲ. ವರ್ಷವಿಡೀ ಓಡುವ ಮೀಮಿನ ಕಚ್ಚಾಮಾಲು ಅಲ್ಲೇ ಸಿಗುವುದು. ಜಗಳ ತೀರ್ಮಾನವಾದ ಮೇಲೆ ಜಾಗ ಬದಲಿಸಬೇಕಾಗಿ ಬಂದರೆ ಕಾಟ ಕೊಟ್ಟವನ ಜಾಗ ಬದಲಿಸಿ. ಪ್ರಾರ್ಥನೆಯಲ್ಲಿ ಸ್ಕ್ರೀನ್‌ಶಾಟ್ ಓದಬೇಡಿ. ವಿಷಯ ಲೈಂಗಿಕ ಸ್ವರೂಪದ್ದಾದರೆ ‘ಶಾಲೆಯ ಮಟ್ಟದಲ್ಲೇ ಮುಗಿಸೋಣ’ ಎನ್ನುವ ಅಧಿಕಾರ ಯಾರಿಗೂ ಇಲ್ಲ: ಪೋಕ್ಸೊ 19ನೇ ಕಲಮಿನ ಪ್ರಕಾರ ವರದಿ ಕಡ್ಡಾಯ, ಮಾಡದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ 1 ವರ್ಷದವರೆಗೆ ಸಜೆ.

ಆಸ್ಟ್ರೇಲಿಯಾದಲ್ಲಿ 16ರ ಒಳಗಿನವರಿಗೆ ಸೋಷಿಯಲ್ ಮೀಡಿಯಾ ನಿಷೇಧಿಸಿದ್ದಾರಲ್ಲ, ಅದೇ ಸರಿಯಾದ ಮದ್ದಲ್ಲವೇ?
ಒಬ್ಬ ಅಜ್ಜ, ಧಾರವಾಡ

2025ರ ಡಿಸೆಂಬರ್ 10ರಿಂದ ಅಲ್ಲಿ ಜಾರಿಯಾಗಿದೆ. ಆದರೆ ಅಜ್ಜಾ, ಆ ನಿಷೇಧದ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ. ನಮ್ಮ ಕ್ಲಾಸ್ ಗ್ರೂಪಿನ ಕಾಟವೆಲ್ಲ ಇರುವುದು ಅಲ್ಲೇ.

ಮಗನಿಗೆ ಗೊತ್ತಾಗದ ಹಾಗೆ ಫೋನಿಗೆ ಕಣ್ಗಾವಲು ಆ್ಯಪ್ ಹಾಕಬಹುದೇ? ವಯಸ್ಸು 12.
ಒಬ್ಬ ತಾಯಿ, ಬೆಂಗಳೂರು

ಗೊತ್ತಾಗದ ಹಾಗೆ ಬೇಡ. ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಮೇಲೆ ಅವನು ಗೆಳೆಯನ ಫೋನಿನಲ್ಲಿ ಲಾಗಿನ್ ಆಗುತ್ತಾನೆ. ಗೂಗಲ್ ಫ್ಯಾಮಿಲಿ ಲಿಂಕ್ ಬಳಸಿ, ಅವನ ಎದುರೇ ಹಾಕಿ, ಏನು ಕಾಣುತ್ತದೆ ಏನು ಕಾಣುವುದಿಲ್ಲ ಎಂದು ತೋರಿಸಿ. ಅದರಲ್ಲಿ ಸಮಯ ಮತ್ತು ಆ್ಯಪ್ ಕಾಣುತ್ತವೆ, ಚಾಟಿನ ಮಾತು ಕಾಣದು, ಅಷ್ಟು ಸಾಕು.

ಕಣ್ಗಾವಲಿಗಿಂತ ಹದಿನೈದು ನಿಮಿಷದ ಸೆಟ್ಟಿಂಗ್ಸ್ ಹೆಚ್ಚು ಕಾಪಾಡುತ್ತದೆ. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್‌ಗೆ ಹೋಗಿ ‘ಎವ್ರಿವನ್’ ಇದ್ದದ್ದನ್ನು ‘ಮೈ ಕಾಂಟ್ಯಾಕ್ಟ್ಸ್’ ಮಾಡಿ. ಪದೇ ಪದೇ ಎಳೆದು ಹಾಕುವವರಿದ್ದರೆ ‘ಮೈ ಕಾಂಟ್ಯಾಕ್ಟ್ಸ್ ಎಕ್ಸೆಪ್ಟ್’ ಒತ್ತಿ ಅವರ ಹೆಸರಿಗೆ ಗುರುತು ಹಾಕಿ. ಪ್ರೊಫೈಲ್ ಫೋಟೋ, ಲಾಸ್ಟ್ ಸೀನ್‌ಗೂ ಹಾಗೆಯೇ. ಇನ್‌ಸ್ಟಾಗ್ರಾಂ 13ರ ತನಕ ಇಲ್ಲವೇ ಇಲ್ಲ, ಅದು ಅವರದೇ ನಿಯಮ. ಆಮೇಲೆ ತೆರೆಯುವಾಗ ಪಕ್ಕದಲ್ಲಿ ಕೂತು ಹುಟ್ಟಿದ ವರ್ಷ ನಿಜದ್ದೇ ಹಾಕಿಸಿ. 2024ರಲ್ಲಿ ಬಂದ ಟೀನ್ ಅಕೌಂಟ್ ತಾನಾಗಿ ಪ್ರೈವೇಟ್ ಇರುತ್ತದೆ, 16ರ ಒಳಗಿನವರು ಅದನ್ನು ಸಡಿಲಿಸಬೇಕಾದರೆ ಪಾಲಕರ ಒಪ್ಪಿಗೆ ಬೇಕು. ಮಕ್ಕಳು ವರ್ಷ ಹಿಂದಕ್ಕೆ ಹಾಕಿ ದೊಡ್ಡವರಾಗಿಬಿಟ್ಟರೆ ಈ ರಕ್ಷಣೆಯೇ ಇಲ್ಲ.

ರಾತ್ರಿ ಒಂಬತ್ತೂವರೆಗೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. ಎಲ್ಲರದೂ, ನಿಮ್ಮದೂ.

ಹನ್ನೊಂದರ ಮೊಮ್ಮಗ ಆನ್‌ಲೈನ್ ಗೇಮ್ ಆಡುವಾಗ ಹೆಡ್‌ಫೋನಿನಲ್ಲಿ ಯಾರೋ ಅಮ್ಮ ಅಕ್ಕ ಅಂತ ಬೈಯುವುದು ಹೊರಗೆ ಕೇಳುತ್ತದೆ. ಕೇಳಿದರೆ ‘ಗೇಮಲ್ಲಿ ಎಲ್ಲರೂ ಹಂಗೇ’ ಅಂತಾನೆ.
ಒಬ್ಬ ಅಜ್ಜಿ, ತುಮಕೂರು

ಗೊತ್ತಿಲ್ಲದವರ ಜೊತೆ ತಂಡ ಕಟ್ಟಿಕೊಂಡು ಆಡುವುದರಿಂದ ಬರುವ ಬೈಗುಳ ಇದು. ಸೋತ ಸಿಟ್ಟೆಲ್ಲ ಸಣ್ಣ ದನಿಯ ಹುಡುಗನ ಮೇಲೆ. ಇಂಥ ಆಟಗಳಲ್ಲಿ ಮೈಕ್, ಸ್ಪೀಕರ್ ಎರಡಕ್ಕೂ ಪ್ರತ್ಯೇಕ ಗುಂಡಿ ಇರುತ್ತದೆ. ಸ್ಪೀಕರನ್ನು ‘ಟೀಮ್’ನಿಂದ ‘ಆಫ್’ಗೆ ತಂದರೆ ಗುಂಡಿನ ಸದ್ದು, ಹೆಜ್ಜೆ ಸದ್ದು ಕೇಳಿಸುತ್ತದೆ, ಬೈಗುಳ ಕೇಳಿಸದು. ಶಾಲೆಯ ಗೆಳೆಯರೇ ನಾಲ್ವರು ಸೇರಿ ಆಡಿದರೆ ಮೈಕ್ ಆನ್ ಇರಲಿ. ಬೈದವನ ಹೆಸರು ಆಟ ಮುಗಿದಾಗ ಬರುವ ಫಲಿತಾಂಶದ ಪಟ್ಟಿಯಲ್ಲಿರುತ್ತದೆ, ಅಲ್ಲೇ ರಿಪೋರ್ಟ್ ಗುಂಡಿ. ಲಾಬಿಗೆ (ಆಟದ ಮೊದಲ ಪರದೆಗೆ) ವಾಪಸಾದ ಮೇಲೆ ಅವನನ್ನು ಹುಡುಕುವುದು ಕಷ್ಟ, ಆ ಪಟ್ಟಿ ಮುಚ್ಚುವ ಮೊದಲೇ ಒತ್ತಲು ಹೇಳಿ. ಹೆಡ್‌ಫೋನ್ ತೆಗೆಸಿ ನಿಮ್ಮ ಪಕ್ಕದಲ್ಲೇ ಕೂತು ಸ್ಪೀಕರಿನಲ್ಲಿ ಆಡಲು ಬಿಟ್ಟರೆ ಇನ್ನೂ ಒಳ್ಳೆಯದು. ಸದ್ದು ತುಸು ಸಹಿಸಿಕೊಳ್ಳಬೇಕಾಗುತ್ತದೆ, ಅಜ್ಜಿ.